ಬೋರ್ ನೀರಿಗೆ ಹೊಂದೋ ಮೀನು ಹುಡುಕ್ತಾ ನಾಲ್ಕು ತಿಂಗಳು

ವಾರ 1

ಟ್ಯಾಂಕ್ ಬಂತು. ಎರಡೂವರೆ ಅಡಿ ಉದ್ದ, ಒಂದಡಿ ಅಗಲ, 15 ಇಂಚು ಎತ್ತರ. ಲೆಕ್ಕದಲ್ಲಿ 88 ಲೀಟರ್, ಆದ್ರೆ ಜಲ್ಲಿ, ಕಲ್ಲು ಹಾಕಿ ಮೇಲೆ ಸ್ವಲ್ಪ ಖಾಲಿ ಬಿಟ್ರೆ ಹಿಡಿಯೋದು 75 ಅಷ್ಟೇ. ಟಿವಿ ಪಕ್ಕ ಬೇಡ ಅಂದ್ಲು ಹೆಂಡ್ತಿ, ಕಿಟಕಿ ಪಕ್ಕ ಬಿಸಿಲು ಬಿದ್ದು ಪಾಚಿ ಕಟ್ಟುತ್ತೆ ಅದೂ ಬೇಡ ಅಂದೆ ನಾನು, ಕೊನೆಗೆ ಶೂ ಸ್ಟ್ಯಾಂಡ್ ಇದ್ದ ಜಾಗ ಸಿಕ್ತು. ಶೂಗಳೆಲ್ಲಾ ಈಗ ಎಲ್ಲಿವೆ ಅಂತ ಕೇಳ್ಬೇಡಿ.

ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ನಾನೂ ಮಗಳೂ ಕೂತ್ಕೊಂಡು ಬೇಕಾದ ಮೀನಿನ ಪಟ್ಟಿ ಬರೆದ್ವಿ. ನಿಯಾನ್ ಟೆಟ್ರಾ, ಏಂಜೆಲ್, ಟೈಗರ್ ಬಾರ್ಬ್, ಗಪ್ಪಿ, ಫೈಟರ್, ಗೋಲ್ಡ್ ಫಿಶ್, ಸಕ್ಕರ್, ಕೋರಿ, ಪ್ಲಾಟಿ, ಜೀಬ್ರಾ, ಗೌರಾಮಿ. ಒಟ್ಟು ಹನ್ನೊಂದು. ಶಿವಾಜಿನಗರದ ಅಂಗಡಿಯವ್ರು ಪಟ್ಟಿ ನೋಡಿ "ಏನೂ ಆಗಲ್ಲ ಸಾರ್, ಎಲ್ಲಾ ಒಟ್ಟಿಗೆ ಇರ್ತವೆ" ಅಂದ್ರು. ಅವ್ರ ಅಂಗಡೀಲಿ ನಿಜವಾಗ್ಲೂ ಒಟ್ಟಿಗೇ ಇದ್ವು, ಆದ್ರೆ ಅಲ್ಲಿ ಯಾವ ಮೀನೂ ವಾರಕ್ಕಿಂತ ಜಾಸ್ತಿ ದಿನ ಇರಲ್ವಲ್ಲ, ಮಾರಾಟ ಆಗಿ ಹೋಗುತ್ತೆ.

ವಾರ 2

ಪಟ್ಟಿಯಿಂದ ಹೆಸರು ಹೊಡೆದುಹಾಕೋ ಕೆಲಸ ಶುರು. ಮೊದಲು ಗೋಲ್ಡ್ ಫಿಶ್, ಮಗಳು ಅತ್ತಳು. ಕವರಲ್ಲಿ ಎರಡಿಂಚು ಇರೋದು ಚೆನ್ನಾಗಿ ಸಾಕಿದ್ರೆ ಅರ್ಧ ಅಡಿ ದಾಟುತ್ತೆ, ಗಲೀಜೂ ಸಿಕ್ಕಾಪಟ್ಟೆ. ಆಮೇಲೆ ಸಕ್ಕರ್. ಗಾಜು ಕ್ಲೀನ್ ಮಾಡುತ್ತೆ ಅಂತ ಎಲ್ರೂ ತಂದು ಹಾಕ್ತಾರೆ, ಅದು ಒಂದಡಿಗೂ ಮೀರಿ ಬೆಳೆದಾಗ ಎತ್ಕೊಂಡು ಹೋಗಿ ಕೆರೆಗೆ ಬಿಟ್ಟು ಬರ್ತಾರೆ, ಈಗ ನಮ್ ದೇಶದ ಎಷ್ಟೋ ಕೆರೆ ನದೀಲಿ ಅದು ತಳ ಊರಿಬಿಟ್ಟಿದೆ. ಏಂಜೆಲ್ ಮತ್ತೆ ನಿಯಾನ್ ಒಟ್ಟಿಗೆ ಆಗಲ್ಲ, ಏಂಜೆಲ್ ದೊಡ್ಡದಾದ್ಮೇಲೆ ನಿಯಾನ್ ಅದಕ್ಕೆ ತಿಂಡಿ. ಟೈಗರ್ ಬಾರ್ಬಿಗೆ ಉದ್ದ ರೆಕ್ಕೆ ಕಂಡ್ರೆ ಕಚ್ಚೋ ಚಟ. ಫೈಟರ್‌ಗೆ ಬಣ್ಣದ ಬಾಲದ ಗಂಡು ಗಪ್ಪಿ ಕಂಡ್ರೆ ಇನ್ನೊಂದು ಫೈಟರ್ ಬಂತು ಅನ್ಸುತ್ತೆ.

ಇಷ್ಟರಲ್ಲಿ ನೀರು ಟೆಸ್ಟ್ ಮಾಡೋ ಕಿಟ್ ಬಂತು, ಆಟ ಎಲ್ಲಾ ಅಲ್ಲೇ ತಿರುಗಿದ್ದು. ಸಣ್ಣ ಗಾಜಿನ ಟ್ಯೂಬಿಗೆ ನಲ್ಲಿಯಿಂದ 5 ಎಂಎಲ್ ನೀರು, ಅದಕ್ಕೆ ಒಂದೊಂದೇ ಹನಿ ಹಾಕಿ ಅಲ್ಲಾಡಿಸ್ಬೇಕು, ಕಿತ್ತಳೆ ಬಣ್ಣ ಹೋಗಿ ಹಸಿರಾಗೋವರೆಗೂ ಎಣಿಸ್ಬೇಕು. ಮಗಳು ಎಣಿಸಿದ್ಲು. ಎಂಟು, ಹತ್ತು, ಹದಿನೈದು, ಇನ್ನೂ ಕಿತ್ತಳೆನೇ. ಇಪ್ಪತ್ತೆರಡನೇ ಹನಿಗೆ ಹಸಿರಾಯ್ತು. ಒಂದು ಹನಿ ಅಂದ್ರೆ ಸುಮಾರು 18 ಪಿಪಿಎಂ (ಲೀಟರ್‌ಗೆ 18 ಮಿಲಿಗ್ರಾಂ), ಅಂದ್ರೆ ನಮ್ ಅಪಾರ್ಟ್‌ಮೆಂಟ್ ಬೋರ್ ನೀರಿನ ಗಡಸುತನ 390ರ ಹತ್ತಿರ. ಪಿಎಚ್ 7.8. ಊರಿಂದ ಬಂದಾಗೆಲ್ಲಾ ಅಮ್ಮ "ಈ ನೀರಲ್ಲಿ ಬೇಳೆನೇ ಬೇಯಲ್ಲ ಕಣೋ" ಅಂತ ಬೈಯ್ತಿದ್ದಿದ್ದು ಇದಕ್ಕೇ.

ಬೇಳೆ ಬೇಯದ ನೀರಲ್ಲಿ ಅಮೆಜಾನಿನ ಮೆದು ನೀರಿನ ನಿಯಾನ್ ಟೆಟ್ರಾ ಹೆಂಗೆ ಬದುಕುತ್ತೆ. ಈಗ ಬರೋ ಮೀನೆಲ್ಲಾ ಫಾರ್ಮಲ್ಲಿ ಬೆಳೆದಿದ್ದು, ಅಡ್ಜಸ್ಟ್ ಆಗುತ್ತೆ ಅಂತ ಹೇಳೋರಿದ್ದಾರೆ, ಸ್ವಲ್ಪ ಮಟ್ಟಿಗೆ ನಿಜಾನೂ ಹೌದು, ಆದ್ರೆ 22 ಹನಿ ಗಡಸು ನೀರಿಗೆ ನಂಗೆ ಧೈರ್ಯ ಬರ್ಲಿಲ್ಲ. ಆರ್‌ಒ ನೀರು ಬೆರೆಸಬಹುದು, ಆದ್ರೆ ವಾರಕ್ಕೆ ಇಪ್ಪತ್ತು ಲೀಟರ್ ಬದಲಾಯಿಸ್ಬೇಕು, ಅದ್ರಲ್ಲಿ ಅರ್ಧ ಆರ್‌ಒ ಅಂದ್ರೂ ಮಷೀನು ಅದಕ್ಕಿಂತ ಜಾಸ್ತಿ ನೀರನ್ನ ಮೋರಿಗೆ ಬಿಡುತ್ತೆ. 2024ರ ಬೇಸಿಗೇಲಿ ಟ್ಯಾಂಕರ್‌ಗೆ ಕಾಯ್ತಾ ನಿಂತಿದ್ದು ಮರೆತಿಲ್ಲ. ಅದಕ್ಕೇ, ಮೀನಿಗೆ ತಕ್ಕ ನೀರು ಮಾಡೋದು ಬೇಡ, ಇರೋ ನೀರಿಗೆ ತಕ್ಕ ಮೀನು ತರೋಣ ಅಂತ ತೀರ್ಮಾನ. ಏಂಜೆಲ್, ಕೋರಿ, ಗೌರಾಮಿನೂ ಹೋದ್ವು. ಉಳಿದಿದ್ದು ಪ್ಲಾಟಿ, ಗಪ್ಪಿ, ಜೀಬ್ರಾ. ಮೂರಕ್ಕೂ ಗಡಸು ನೀರು ಒಗ್ಗುತ್ತೆ.

ವಾರ 3 ರಿಂದ 7

ಮೀನಿನ ಗಲೀಜಿಂದ ಬರೋ ಅಮೋನಿಯಾ, ನೈಟ್ರೈಟ್ ಅನ್ನೋ ವಿಷಗಳನ್ನ ಅಷ್ಟೇನೂ ತೊಂದ್ರೆ ಕೊಡದ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಬೆಳೀಲಿ ಅಂತ ಖಾಲಿ ನೀರು ನೋಡ್ತಾ ಕೂತಿದ್ದು. ಅಮೋನಿಯಾ ಏರ್ತು, ಆಮೇಲೆ ನೈಟ್ರೈಟ್, ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಕಾಣಿಸಿಕೊಳ್ಳೋಕೆ ಐದು ವಾರ. ಮನೆಗೆ ಬಂದೋರೆಲ್ಲಾ "ಮೀನೆಲ್ರೀ?" ಅಂತ ಕೇಳೋರು.

ವಾರ 8

ಐದು ಗಂಡು ಗಪ್ಪಿ, ನಾಲ್ಕು ಪ್ಲಾಟಿ, ನಾಲ್ಕು ಜೀಬ್ರಾ. ಪ್ಲಾಟೀಲಿ ಒಂದು ಗಂಡು ಮೂರು ಹೆಣ್ಣು, ಗಂಡು ಜಾಸ್ತಿ ಆದ್ರೆ ಹೆಣ್ಣಿಗೆ ಉಸಿರಾಡೋಕೂ ಬಿಡಲ್ಲ. ಯಾವ ಮೀನು ಯಾವುದರ ಜೊತೆ ಇರಬಹುದು ಅಂತ ಇಂಟರ್‌ನೆಟ್ಟಲ್ಲಿ ಸಿಗೋ ಚಾರ್ಟ್ ತೆಗೆದು ನೋಡಿ, ಈ ಮೂರಕ್ಕೂ ಹಸಿರು ಟಿಕ್ಕೇ.

ವಾರ 10

ಟಿಕ್ಕು ನಂಬಿ ಕೆಟ್ಟೆ. ಹಳದಿ ಗಪ್ಪಿ ಬಾಲ ಇಲಿ ಕಡಿದ ಸೆರಗಿನ ಥರ ಆಗಿದೆ. ರಾತ್ರಿ ಹಾಲ್ ಲೈಟ್ ಆರಿಸಿ ಟ್ಯಾಂಕ್ ಲೈಟ್ ಮಾತ್ರ ಇಟ್ಕೊಂಡು ಅರ್ಧ ಗಂಟೆ ಕೂತೆ. ಜೀಬ್ರಾಗಳು ಒಂದನ್ನೊಂದು ಅಟ್ಟಿಸ್ಕೊಂಡು ಓಡ್ತವೆ, ದಾರೀಲಿ ಗಪ್ಪಿ ಅಡ್ಡ ಬಂದ್ರೆ ಬಾಲಕ್ಕೊಂದು ಬಾಯಿ ಹಾಕಿ ಮುಂದೆ ಹೋಗ್ತವೆ. ಊಟದ ಹೊತ್ತಲ್ಲಿ ಇನ್ನೂ ಕಷ್ಟ. ಚಿಟಿಕೆ ಫ್ಲೇಕ್ಸ್ ಉದುರಿಸಿದ್ರೆ ನೀರು ಮುಟ್ಟೋಕೂ ಮುಂಚೆ ಜೀಬ್ರಾ ಹಾಜರ್, ಗಪ್ಪಿಗಳು ರೇಷ್ಮೆ ಸೀರೆ ಉಟ್ಕೊಂಡು ಬಸ್ ಹಿಡಿಯೋಕೆ ಓಡೋರ ಥರ ಬಾಲ ಎಳ್ಕೊಂಡು ಬರೋಷ್ಟರಲ್ಲಿ ಎಲ್ಲಾ ಖಾಲಿ.

ಚಾರ್ಟಿನವ್ರು ನೀರು ಹೊಂದುತ್ತಾ, ಒಂದನ್ನೊಂದು ತಿನ್ನುತ್ತಾ ಅಂತ ನೋಡ್ತಾರೆ, ಎಷ್ಟು ಸ್ಪೀಡಾಗಿ ಈಜುತ್ತೆ ಅಂತ ಯಾರೂ ಬರೆಯಲ್ಲ. ಎಷ್ಟು ಸಂಖ್ಯೆ ಅನ್ನೋದೂ ಅಷ್ಟೇ. ಜೀಬ್ರಾ ಗುಂಪಲ್ಲಿರೋ ಮೀನು, ನಾಲ್ಕೇ ಇದ್ರೆ ಅವುಗಳ ಜಗಳ ಎಲ್ಲಾ ಬೇರೆಯವ್ರ ಮೇಲೆ ತಿರುಗುತ್ತೆ. ಇದು ಪೂರ್ತಿ ನನ್ನ ತಪ್ಪು, ಕಡಿಮೆ ತಂದ್ರೆ ಟ್ಯಾಂಕ್ ಹಗುರ ಇರುತ್ತೆ ಅನ್ಕೊಂಡಿದ್ದೆ.

ವಾರ 11

ಹಳದಿ ಗಪ್ಪಿ ಹೋಯ್ತು. ಬಾಲ ಕೊಳೆಯೋಕೆ ಶುರುವಾಗಿತ್ತು, ಬೇರೆ ಬಕೆಟ್ಟಲ್ಲಿ ಇಟ್ರೂ ಉಳೀಲಿಲ್ಲ. ಉಳಿದ ನಾಲ್ಕನ್ನ ತುಮಕೂರಿಗೆ ತಗೊಂಡು ಹೋಗಿ ಅಮ್ಮನ ಮನೇಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕದ ಸಿಮೆಂಟ್ ತೊಟ್ಟಿಗೆ ಬಿಟ್ಟೆ. ಅಮ್ಮ ಬಗ್ಗಿ ನೋಡಿ, "ಸೊಳ್ಳೆ ಮರಿ ತಿನ್ಲಿ ಅಂತ ಆರೋಗ್ಯ ಇಲಾಖೆಯವ್ರು ತಂದು ಬಿಡ್ತಾರಲ್ಲ ಅದೇ ಮೀನಲ್ವೇನೋ, ಇದಕ್ಕೂ ದುಡ್ಡು ಕೊಟ್ಯಾ?" ಅಂದ್ರು. ಬಾಲ ಉದ್ದ ಇದೆ ಅಮ್ಮ ಅಂದೆ. ಇನ್ನೇನು ಹೇಳೋದು.

ಇನ್ನೂ ಆರು ಜೀಬ್ರಾ ತಂದು ಎರಡು ವಾರ ಬೇರೆ ಟಬ್ಬಲ್ಲಿ ಇಟ್ಟಿದ್ದೀನಿ. ಹೀಗೆ ಬೇರೆ ಇಡೋದನ್ನ ಮಾತ್ರ ತಪ್ಪಿಸಲ್ಲ, ಅಂಗಡಿ ನೀರಿನ ಜೊತೆ ಬಿಳಿ ಚುಕ್ಕೆ ರೋಗಾನೂ ಬರುತ್ತೆ.

ವಾರ 13

ಹತ್ತು ಜೀಬ್ರಾ ಒಟ್ಟಿಗೆ ಸೇರಿದ್ಮೇಲೆ ಟ್ಯಾಂಕೇ ಬೇರೆ ಥರ ಕಾಣುತ್ತೆ. ಓಟ ಕಮ್ಮಿ ಆಗಿಲ್ಲ, ಆದ್ರೆ ಎಲ್ಲಾ ಅವುಗಳ ಮಧ್ಯೆನೇ. ಪ್ಲಾಟಿಗಳು ದಪ್ಪ, ಗಿಡ್ಡ ಬಾಲ, ಯಾರಿಗೂ ಕೇರ್ ಮಾಡದೆ ಕಲ್ಲಿನ ಪಾಚಿ ಕಿತ್ತು ತಿಂತಾ ಇರ್ತವೆ. ಡಿಸೆಂಬರಲ್ಲಿ ಬೆಳಿಗ್ಗೆ ನೀರು 20 ಡಿಗ್ರಿಗೆ ಇಳಿದ್ರೂ ಎರಡಕ್ಕೂ ತೊಂದ್ರೆ ಇಲ್ಲ, ಹೀಟರ್ ಕೊಳ್ಳೋದು ಉಳೀತು.

ಜೀಬ್ರಾ ಬಗ್ಗೆ ಓದ್ತಾ ಒಂದು ಮಜಾ ವಿಷ್ಯ ಸಿಕ್ತು. ಇದು ನಮ್ ದೇಶದ್ದೇ ಮೀನು, ಉತ್ತರದ ಕಡೆ ಹಳ್ಳ, ಗದ್ದೆ ನೀರಲ್ಲಿ ಸಿಗುತ್ತೆ, ಇವತ್ತು ಪ್ರಪಂಚದ ಎಲ್ಲಾ ಕಡೆ ಲ್ಯಾಬಲ್ಲಿ ಸಾಕ್ತಾರೆ. 1822ರಲ್ಲಿ ಗಂಗಾ ನದಿ ಮೀನುಗಳ ಬಗ್ಗೆ ಬರೆದು ಇದನ್ನ ಮೊದಲು ದಾಖಲೆ ಮಾಡಿದ್ದು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲೆಲ್ಲಾ ಓಡಾಡಿ ಯಾವ ಊರಲ್ಲಿ ಏನು ಬೆಳೀತಾರೆ ಅಂತ ಬರೆದಿಟ್ಟ ಬುಕಾನನ್ ಇದ್ದಾನಲ್ಲ, ಅದೇ ಮನುಷ್ಯ!

ವಾರ 16

ಪ್ಲಾಟಿ ಮರಿ ಹಾಕಿದೆ. ಸಾಯಂಕಾಲ ಎಣಿಸಿದಾಗ ಹದಿನೇಳು, ಮಾರನೇ ದಿನ ಒಂಬತ್ತು, ಈಗ ಐದು. ಜೀಬ್ರಾ ತಿಂತು, ತಾಯಿ ಪ್ಲಾಟಿನೂ ಒಂದೆರಡು ತಿಂದಿರಬಹುದು. ಜಾವಾ ಮಾಸ್ ಅನ್ನೋ ನೀರಿನ ಗಿಡದ ಒಳಗೆ ಸೇರ್ಕೊಂಡ ಐದು ಮಾತ್ರ ಉಳಿದಿವೆ, ಸಾಸಿವೆಗಿಂತ ಚಿಕ್ಕ ಕಣ್ಣು ಎರಡು ಕಾಣುತ್ತೆ ಅಷ್ಟೇ. ಜೀಬ್ರಾ ಕೆಟ್ಟದ್ದು ಅಂತ ಮಗಳು ಎರಡು ದಿನ ಅದಕ್ಕೆ ಊಟ ಹಾಕ್ಲಿಲ್ಲ, ನಾನೇ ಕದ್ದು ಹಾಕ್ದೆ. ಒಂದ್ಸಲ ಗಂಡಿನ ಜೊತೆ ಸೇರಿದ್ರೆ ಪ್ಲಾಟಿ ತಿಂಗಳುಗಟ್ಲೆ ಮರಿ ಹಾಕ್ತಾನೇ ಇರುತ್ತೆ, ಎಲ್ಲಾ ಉಳಿದ್ರೆ 75 ಲೀಟರಲ್ಲಿ ಎಲ್ಲಿಡೋದು ಅಂತ ಅವಳಿಗೆ ಹೇಳಿದ್ರೆ, ಅಜ್ಜಿ ತೊಟ್ಟಿ ಇದ್ಯಲ್ಲ ಅಂತಾಳೆ.

ತಳ ಇನ್ನೂ ಖಾಲಿ. ಅಲ್ಲಿಗೆ ಇನ್ನೊಂದು ಮೀನು ಬೇಡ, ಎರಡು ನೆರೈಟ್ ಬಸವನಹುಳು ಸಾಕು ಅನ್ಸಿದೆ, ಗಡಸು ನೀರಲ್ಲಿ ಚಿಪ್ಪು ಸವೆಯಲ್ಲ. ಕಲ್ಲಿನ ಮೇಲೆಲ್ಲಾ ಬಿಳಿ ಮೊಟ್ಟೆ ಅಂಟಿಸುತ್ತೆ, ಆದ್ರೆ ಸಿಹಿ ನೀರಲ್ಲಿ ಮರಿ ಆಗಲ್ಲ. ಮಗಳಿಗೆ ಇದನ್ನ ಮೊದ್ಲೇ ಹೇಳಿಟ್ಟಿದ್ದೀನಿ.