ಹಸಿರು ಬಳೆ ಬಿಗಿಯಾದಾಗ

ಸೀಮಂತಕ್ಕೆ ತೊಡಿಸಿದ ಹಸಿರು ಗಾಜಿನ ಬಳೆಗಳು ಮೊದಲ ವಾರ ಮೊಳಕೈವರೆಗೂ ಸಲೀಸಾಗಿ ಜಾರುತ್ತಿದ್ದವು. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಮಣಿಕಟ್ಟಿನಲ್ಲೇ ಕಚ್ಚಿಕೊಂಡವು. ಬೆಳಿಗ್ಗೆ ಎದ್ದರೆ ಕಣ್ಣುರೆಪ್ಪೆ ದಪ್ಪ, ಬೆರಳಿನ ಉಂಗುರ ಹೂತುಹೋಗಿರುತ್ತಿತ್ತು. 2019ರ ಸೆಪ್ಟೆಂಬರ್, ತಿಪಟೂರಿನ ನಮ್ಮಮ್ಮನ ಮನೆ, ನನಗೆ 31 ವಾರ. ನೋಡಲು ಬಂದವರೆಲ್ಲ "ಮೈ ತುಂಬ್ಕೊಂಡಿದ್ದಾಳೆ" ಅಂತ ಸಂತೋಷಪಡುತ್ತಿದ್ದರು. ಬಸುರಿಗೆ ಕಾಲು ಊದೋದು ಸಹಜ ಅಂತ ನಾನೂ ಸುಮ್ಮನಿದ್ದೆ.

ಅನುಮಾನಪಟ್ಟವರು ನಮ್ಮ ಬೀದಿಯ ಆಶಾ ಅಕ್ಕ. ತಾಯಿ ಕಾರ್ಡ್ ತಿರುವಿಹಾಕಿ, "ಒಂದೂವರೆ ತಿಂಗಳಿಂದ ಬಿಪಿ ಬರೆದಿಲ್ವಲ್ಲಮ್ಮ, ಯೂರಿನ್ ಕಾಲಮ್ಮೂ ಖಾಲಿ?" ಅಂದರು. ನಾನು ತೋರಿಸುತ್ತಿದ್ದ ಖಾಸಗಿ ಕ್ಲಿನಿಕ್ಕಿನಲ್ಲಿ ಪ್ರತಿ ಸಲ ಸ್ಕ್ಯಾನ್ ಮಾಡುತ್ತಿದ್ದರು. ಕೊನೆಯ ಎರಡು ಭೇಟಿಯಲ್ಲಿ ತೋಳಿಗೆ ಪಟ್ಟಿ ಸುತ್ತಿರಲಿಲ್ಲ, ಮೂತ್ರ ಕೇಳಿರಲಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಸಾವಿರಗಟ್ಟಲೆ ಖರ್ಚಿನ ಸ್ಕ್ಯಾನಿನಲ್ಲಿ ಕಾಣದ್ದು ಮೂತ್ರಕ್ಕೆ ಅದ್ದುವ ಕೆಲವೇ ರೂಪಾಯಿಯ ಕಾಗದದ ಪಟ್ಟಿಯಲ್ಲಿ ಕಾಣುತ್ತಿತ್ತು.

"ನಾಳೆ ಒಂಬತ್ತನೇ ತಾರೀಖು, ಸರ್ಕಾರಿ ಆಸ್ಪತ್ರೇಲಿ ಬಸುರಿಯರನ್ನ ನೋಡೋಕೆ ದೊಡ್ಡ ಡಾಕ್ಟ್ರು ಇರ್ತಾರೆ, ಬಂದುಬಿಡಿ" ಅಂದರು ಅಕ್ಕ. ಪ್ರತಿ ತಿಂಗಳ 9ರಂದು ಹಾಗೆ ಉಚಿತವಾಗಿ ನೋಡುವ ಯೋಜನೆ 2016ರಿಂದ ಇದೆಯಂತೆ. ನನಗೆ ಗೊತ್ತೇ ಇರಲಿಲ್ಲ. ಅಲ್ಲಿ ಬಿಪಿ 150/100 ಬಂತು. ಮೂತ್ರದ ಡಬ್ಬಿಯಲ್ಲಿ ಅದ್ದಿದ ಪಟ್ಟಿಯ ಹಳದಿ ಚೌಕ ನೋಡನೋಡುತ್ತ ಹಸಿರಾಯಿತು. ಕಾರ್ಡಿನ ಮೇಲೆ ಕೆಂಪು ಇಂಕಿನಲ್ಲಿ "ಆಲ್ಬುಮಿನ್ ++" ಎಂದು ಬರೆದರು, ಅಂದರೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಅಂತ. ನಾಲ್ಕು ಗಂಟೆ ಕೂರಿಸಿಕೊಂಡು ಮತ್ತೆ ನೋಡಿದರೆ 148/98. ಇಪ್ಪತ್ತು ವಾರದ ಮೇಲೆ ಹೀಗೆ ಎರಡು ಸಲ 140/90 ಅಥವಾ ಅದಕ್ಕಿಂತ ಹೆಚ್ಚು ಬಂದು, ಮೂತ್ರದಲ್ಲಿ ಪ್ರೋಟೀನೂ ಇದ್ದರೆ ಅದು ಪ್ರೀಎಕ್ಲಾಂಪ್ಸಿಯಾ ಅನ್ನುವ ಬಸುರಿನ ಕಾಯಿಲೆ.

ಮನೆಯಲ್ಲಿ ಈ ಮಾತು ಬೇರೆ ಅರ್ಥ ತಾಳಿತು. "ಪ್ರೋಟೀನ್ ಜಾಸ್ತಿಯಾಗಿದೆಯಂತೆ" ಅಂತ ಅಮ್ಮ ಮೊಟ್ಟೆ ನಿಲ್ಲಿಸಿದಳು, ಮೊಳಕೆಕಾಳು ನಿಲ್ಲಿಸಿದಳು, ಸಾರಿಗೆ ಉಪ್ಪೂ ಹಾಕಲಿಲ್ಲ. ಮೂರು ದಿನ ಗಂಜಿ ಕುಡಿದೆ. ಮುಂದಿನ ಸಲ ಡಾಕ್ಟರಮ್ಮ ಅಮ್ಮನನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದರು: "ಇದು ತಿಂದ ಬೇಳೆ ಅಲ್ಲಮ್ಮ, ಅವಳ ರಕ್ತದ್ದೇ ಪ್ರೋಟೀನು. ಕಾಫಿ ಸೋಸೋ ಬಟ್ಟೆ ಹರಿದ್ರೆ ಗಸಿ ಕೆಳಗಿಳಿಯಲ್ವಾ, ಹಾಗೆ. ಮೊಟ್ಟೆ ಕೊಡಿ." ಮಾಸು ಗರ್ಭಕೋಶದಲ್ಲಿ ಸರಿಯಾಗಿ ಬೇರು ಬಿಡದಿದ್ದಾಗ ಅದರಿಂದ ತಾಯಿಯ ರಕ್ತಕ್ಕೆ ಸೇರುವ ಅಂಶಗಳು ರಕ್ತನಾಳಗಳ ಒಳಪದರವನ್ನೇ ಕೆಡಿಸುತ್ತವೆ. ಮೂತ್ರಪಿಂಡದ ಸೋಸುಬಟ್ಟೆ ಹಾಳಾಗುವುದು ಅದರಿಂದ. ಲಿವರ್, ಮಿದುಳು, ಕಣ್ಣು ಯಾವುದನ್ನೂ ಅದು ಬಿಡುವುದಿಲ್ಲ. ಅಜ್ಜಿ ಇದನ್ನು "ನಂಜು" ಅಂದಳು. ಹೆರಿಗೆಯಲ್ಲಿ ಫಿಟ್ಸ್ ಬಂದು ತೀರಿಹೋದ ತನ್ನ ತಂಗಿಯ ವಿಷಯ ನಮ್ಮ ಮನೆಯಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆವತ್ತು. ಅಷ್ಟು ವರ್ಷ ಅದನ್ನು ಗಾಳಿ ಸೋಕಿದ್ದು ಅಂತಲೇ ನಂಬಿದ್ದರು.

ಆಮೇಲೆ ಇಪ್ಪತ್ನಾಲ್ಕು ಗಂಟೆಯ ಮೂತ್ರ ಹಿಡಿಯಬೇಕಾಯಿತು. ಬೆಳಿಗ್ಗೆ ಏಳರ ಮೊದಲನೆಯದನ್ನು ಚೆಲ್ಲಬೇಕು, ಅಲ್ಲಿಂದ ಮರುದಿನ ಏಳರವರೆಗಿನ ಪ್ರತಿಯೊಂದನ್ನೂ ಐದು ಲೀಟರ್ ಕ್ಯಾನಿಗೆ ಸುರಿಯಬೇಕು. ಒಂದು ಸಲ ಮರೆತರೂ ಲೆಕ್ಕ ತಪ್ಪುತ್ತದೆ. ಮಡಿ ಬಿಡದ ಅಮ್ಮ ಬಚ್ಚಲಲ್ಲಿ ತಣ್ಣೀರಿನ ಬಕೆಟ್ಟಿನೊಳಗೆ ಆ ಕ್ಯಾನ್ ಇಟ್ಟು, ರಾತ್ರಿ ಎರಡು ಸಲ ನೀರು ಬದಲಿಸಿದಳು. 300 ಮಿಲಿಗ್ರಾಂ ದಾಟಬಾರದ ಪ್ರೋಟೀನು 1,200 ಇತ್ತು. ಬಿಪಿ ಇಳಿಸುವ ಲ್ಯಾಬೆಟಲಾಲ್ ಮಾತ್ರೆ ಶುರುವಾಯಿತು.

ಸೆಪ್ಟೆಂಬರ್ 28ರ ರಾತ್ರಿ ತಲೆ ಸಿಡಿಯತೊಡಗಿತು. ಕಣ್ಣೆದುರು ಮಿಣುಕು ಚುಕ್ಕಿಗಳು, ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂಡಿದಂಥ ನೋವು. ಅಮ್ಮ ಗ್ಯಾಸ್ಟ್ರಿಕ್ ಅಂತ ಜೀರಿಗೆ ಕಷಾಯಕ್ಕೆ ಎದ್ದಳು. ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದ ಲಕ್ಷಣಗಳೇ ಅವು ಅಂತ ನೆನಪಾಗಿ, ಒಲೆ ಆರಿಸಿ ಕಾರು ಕರೆಸಿದೆವು. ಗುಬ್ಬಿ ದಾಟಿ ತುಮಕೂರು ಮುಟ್ಟಿದಾಗ 170/112.

ಫಿಟ್ಸ್ ಬಾರದಿರಲೆಂದು ಮೆಗ್ನೀಸಿಯಂ ಸಲ್ಫೇಟ್ ಕೊಟ್ಟರು. ನರಕ್ಕೆ ಒಂದು, ಎರಡೂ ಪೃಷ್ಠಕ್ಕೆ ಒಂದೊಂದು. ಒಳಗಿನಿಂದ ಬೆಂಕಿ ಹಚ್ಚಿದಂತೆ ಮೈ ಕಾದಿತು. ಮಂಡಿಗೆ ಪುಟ್ಟ ಸುತ್ತಿಗೆಯಿಂದ ಬಡಿದು ಕಾಲು ಜಿಗಿಯುತ್ತದಾ ಅಂತ ನರ್ಸ್ ಆಗಾಗ ನೋಡುತ್ತಿದ್ದರು. ಔಷಧಿ ಹೆಚ್ಚಾದರೆ ಮೊದಲು ಆ ಜಿಗಿತ ನಿಲ್ಲುತ್ತದಂತೆ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 33 ದೇಶಗಳ ಹತ್ತು ಸಾವಿರ ಹೆಂಗಸರ ಮೇಲೆ ನೋಡಿ, ಇದು ಫಿಟ್ಸಿನ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ ಎಂದು ಖಚಿತಪಡಿಸಿದ್ದರು. ಅದನ್ನು ಓದಿದ ದಿನ ಅಜ್ಜಿಯ ತಂಗಿಯನ್ನು ನೆನೆದು ಅತ್ತಿದ್ದೇನೆ.

ಮಗುವಿನ ಶ್ವಾಸಕೋಶ ಬಲಿಯಲೆಂದು ಎರಡು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು, ನವರಾತ್ರಿಯ ಮೂರನೇ ದಿನ ಸಿಸೇರಿಯನ್ ಮಾಡಿದರು. ಮಗಳು ಒಂದು ಕಿಲೋ ಏಳುನೂರೈವತ್ತು ಗ್ರಾಂ. ಹದಿನಾಲ್ಕು ದಿನ ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ, ಆಮೇಲೆ ನನ್ನ ಎದೆಗೇ ಅಂಟಿಸಿಕೊಂಡು ಕಾಂಗರೂ ಆರೈಕೆ. ಹೆತ್ತರೆ ಮುಗಿಯಿತು ಅಂದುಕೊಂಡಿದ್ದೆ. ನಾಲ್ಕನೇ ದಿನ ಬಿಪಿ ಮತ್ತೆ 160 ದಾಟಿತು. ಬಾಣಂತಿಗೂ ಫಿಟ್ಸ್ ಬರಬಹುದು, ಆದ್ದರಿಂದ ಆರು ವಾರ ಮಾತ್ರೆ. ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆಯ ನಡುವೆ ದಿನಕ್ಕೆರಡು ಸಲ ನನ್ನ ತಮ್ಮ ಬಿಪಿ ಮಿಷನ್ ಹಿಡಿದು ಬರುತ್ತಿದ್ದ.

ಈಗ ಮತ್ತೆ 26 ವಾರ. ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು ಎಂದು 12ನೇ ವಾರದಿಂದಲೇ ಪ್ರತಿ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಿದ್ದಾರೆ. ಪ್ರೋಟೀನು ಕಾಣದೆಯೂ ಈ ಕಾಯಿಲೆ ಬರಬಹುದು, ಪಟ್ಟಿ ಹಸಿರಾಗಲಿಲ್ಲವೆಂದು ಬಿಪಿ ನೋಡುವುದನ್ನು ಬಿಡಬೇಡಿ ಅಂತಲೂ ಹೇಳಿದ್ದಾರೆ. ಇವತ್ತು ಬೆಳಿಗ್ಗೆ 118/76, ಆಲ್ಬುಮಿನ್ ನಿಲ್. ಈ ಸಲ ಅಮ್ಮನಿಗೆ ಒಂದೇ ಮಾತು ಹೇಳಿದ್ದೇನೆ, ಸೀಮಂತಕ್ಕೆ ಬಳೆ ಒಂದು ಸೈಜ್ ದೊಡ್ಡದೇ ತಾ, ಆದರೆ ಅವು ಜಾರುವುದು ನಿಂತ ದಿನ ಯಾರು ಏನೇ ಅಂದರೂ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು.