ಎಡಗಣ್ಣು ಸರಿಯಾಗಿಯೇ ಇತ್ತು

ಹೊಸನಗರದ ಕಡೆ ಒಂದು ಶಾಲೆಯಲ್ಲಿ ಕಣ್ಣಿನ ಕ್ಯಾಂಪ್. ಅಡಿಕೆ ಕೊಯ್ಲಿನ ದಿನಗಳು, ಜನ ಬರುವುದಿಲ್ಲ ಎಂದು ನಮ್ಮ ಕೋಆರ್ಡಿನೇಟರ್ ರಿಫ್ರಾಕ್ಷನ್‌ಗೆ, ಅಂದರೆ ಕನ್ನಡಕದ ನಂಬರ್ ನೋಡುವುದಕ್ಕೆ, ನನ್ನೊಬ್ಬನನ್ನೇ ಹಾಕಿದ್ದರು. ಊಟದ ಹೊತ್ತಿಗೇ ನೂರು ದಾಟಿತು. ನಂಬರ್ ತಾನೇ ಹೇಳುವ ಯಂತ್ರ, ಆಟೋರೆಫ್, ಬೆಳಿಗ್ಗೆಯೇ ಕೈ ಕೊಟ್ಟಿತ್ತು. ಶಾಲೆಯ ಕರೆಂಟಿಗೂ ಅದಕ್ಕೂ ಯಾವತ್ತೂ ಆಗಿಬಂದಿಲ್ಲ. ಕೈಯಲ್ಲೇ ನಂಬರ್ ನೋಡುವ ರೆಟಿನೋಸ್ಕೋಪ್ ಹಿಡಿದು ಹಿಡಿದು ತೋಳು ಸೋತಿತ್ತು.

ಆಗ ಬಂದವರು ಒಬ್ಬ ಕೊನೆಗೌಡರು, ಮರ ಹತ್ತಿ ಅಡಿಕೆ ಕೊನೆ ಇಳಿಸುವವರು. ಐವತ್ತೆಂಟು ವರ್ಷ. ಜೊತೆಗೆ ಹೆಂಡತಿ.

"ಎಡಗಣ್ಣು ಕಾಣೋದಿಲ್ಲ ಮಾರಾಯ್ರೇ."

ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ಚಾರ್ಟ್ ಓದಿಸಿದೆ. ಕೊನೆಯ ಸಾಲಿನವರೆಗೂ ಬಂದರು. ಆದರೆ ಪ್ರತಿ ಸಾಲಿನ ಮೊದಲ ಒಂದೆರಡು ಅಕ್ಷರ ಬಿಟ್ಟು ನಡುವಿನಿಂದಲೇ ಶುರು. "ಗೌಡ್ರೇ, ಮೊದಲಿಂದ ಓದಿ" ಎಂದೆ. ಮತ್ತೆ ನಡುವಿನಿಂದಲೇ. ಬಲಗಣ್ಣಿಗೂ ಅದೇ ಕತೆ. ನನಗೆ ರೇಗಿತು. "ಕನ್ನಡ ಓದೋಕೆ ಬರ್ತದಲ್ಲ?" ಎಂದುಬಿಟ್ಟೆ. ಅವರು ಏನೂ ಹೇಳಲಿಲ್ಲ, ನಕ್ಕರು. ಎರಡೂ ಕಣ್ಣಿಗೆ 6/6, ಅಂದರೆ ಪೂರ್ತಿ ನೋಟ, ಎಂದು ಬರೆದೆ. ಕೆಲವು ಅಕ್ಷರ ಬಿಟ್ಟಿದ್ದಾರೆ ಎನ್ನಲು ಪಕ್ಕದಲ್ಲಿ ಒಂದು 'ಪಿ' ಹಾಕುವಷ್ಟೂ ತಾಳ್ಮೆ ಇರಲಿಲ್ಲ. ಆ ಚಾರ್ಟ್ ನನಗೆ ಬಾಯಿಪಾಠ. ಅವರು ಬಿಟ್ಟ ಅಕ್ಷರಗಳನ್ನು ನನ್ನ ಕಿವಿಯೇ ಸೇರಿಸಿಕೊಂಡಿರಬೇಕು.

ಓದುವುದಕ್ಕೆ ಪ್ಲಸ್ ಎರಡು ಹಾಕಿದೆ, ಹತ್ತಿರದ ಸಣ್ಣಕ್ಷರ, ಎನ್6, ಓದಿದರು. "ಎಡಗಣ್ಣಿಗೆ ಏನೂ ಆಗಿಲ್ಲ, ವಯಸ್ಸಾಯ್ತಲ್ಲ" ಎಂದೆ. ಕನ್ನಡಕದ ಡಬ್ಬಿಯನ್ನು ಟೇಬಲ್ ಮೇಲೆ ಅವರ ಎಡಗಡೆಗೆ ತಳ್ಳಿದೆ. ಅವರು ಬಲಗಡೆ ತಡಕಾಡಿದರು. ಹೆಂಡತಿ ಎತ್ತಿ ಕೈಗೆ ಕೊಟ್ಟರು. ಅದನ್ನೂ ನೋಡಿದೆ, ನೋಡಿ ಸುಮ್ನೆ ಮುಂದಿನವರ ಶೀಟ್ ಎಳೆದುಕೊಂಡೆ.

ಎದ್ದು ಹೋಗುವಾಗ ಕೇಳಿದರು, "ಹಾಗಾದ್ರೆ ಸೋಮವಾರದಿಂದ ಮರ ಹತ್ತಬಹುದಾ?"

"ಧಾರಾಳವಾಗಿ ಹತ್ತಿ."

ಈ ಎರಡು ಪದ ನನಗೆ ಇವತ್ತಿಗೂ ರಾತ್ರಿ ನೆನಪಾಗುತ್ತವೆ.

ಸಂಜೆ ಐದೂವರೆ. ಪೆಟ್ಟಿಗೆಗಳನ್ನು ವ್ಯಾನಿಗೆ ತುಂಬುತ್ತಿದ್ದೆವು. ಬಸ್ಸಿಗೆ ಕಾಯುತ್ತಿದ್ದ ಗಂಡ ಹೆಂಡತಿ ಇನ್ನೂ ಗೇಟಿನ ಹತ್ತಿರವೇ ಇದ್ದರು. ಗೌಡರು ರಸ್ತೆಗೆ ಇಳಿದರು. ಎಡಗಡೆಯಿಂದ ಒಂದು ಟಿವಿಎಸ್ ಬರುತ್ತಿತ್ತು, ಹಾರ್ನ್ ಹೊಡೆಯುತ್ತಲೇ ಬರುತ್ತಿತ್ತು. ಇವರು ಸದ್ದು ಕೇಳಿ ಬಲಗಡೆ ನೋಡಿದರು. ಮೊಪೆಡ್ಡಿನವನು ಜಾರಿಕೊಂಡು ಹೋಗಿ ಚರಂಡಿ ಪಕ್ಕ ನಿಂತ, ಬೈದ. ಹೆಂಡತಿ ಗಂಡನ ರಟ್ಟೆ ಹಿಡಿದು ಎಳೆಯುತ್ತಾ, "ದಿನಾ ಇದೇ ಆಯ್ತು, ಬಾಗಿಲ ದಾರಂದಕ್ಕೂ ಎಡ ಭುಜ ಹೊಡ್ಕೊಳ್ತಾರೆ, ಎಡಗಡೆಯಿಂದ ಕಾಫಿ ಕೊಟ್ರೆ ಬೆಚ್ಚಿ ಬೀಳ್ತಾರೆ" ಎಂದು ಯಾರಿಗೋ ಹೇಳುತ್ತಿದ್ದರು. ನನಗೇ ಹೇಳಿದ ಹಾಗೆ ಕೇಳಿಸಿತು.

ಲೆನ್ಸುಗಳ ಟ್ರಯಲ್ ಸೆಟ್ ಕೆಳಗಿಟ್ಟು ಓಡಿದೆ. ಜಗಲಿಯಲ್ಲಿ ಮಕ್ಕಳ ಬೆಂಚಿನ ಮೇಲೆ ಅವರನ್ನು ಕೂರಿಸಿ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ನಾನೂ ಕೂತೆ. ಬಲಗಣ್ಣು ಮುಚ್ಚಿಸಿದೆ. "ನನ್ನ ಮೂಗು ನೋಡ್ತಾ ಇರಿ, ಬೆರಳು ಕಂಡ ಕೂಡಲೇ ಹೇಳಿ." ಅವರ ಎಡಗಡೆಯಿಂದ ಬೆರಳು ಆಡಿಸುತ್ತಾ ತಂದೆ. ಕಿವಿ ದಾಟಿತು, ಹುಬ್ಬು ದಾಟಿತು. ಮಾತಿಲ್ಲ. ಮೂಗಿನ ನೇರಕ್ಕೆ ಬಂದಾಗ "ಹಾಂ, ಈಗ" ಎಂದರು. ರೆಟಿನಾ, ಕಣ್ಣಿನ ಒಳಪರದೆ, ಕಿತ್ತಿರಬಹುದಾ ಎಂದುಕೊಂಡೆ. ಹಾಗೆ ಆಗಲಿ ಎಂದೇ ಬೇಡಿಕೊಂಡೆ ಅನ್ನಬೇಕು. ಈಗ ಎಡಗಣ್ಣು ಮುಚ್ಚಿಸಿದೆ. ಅವರು 'ಚೆನ್ನಾಗಿದೆ' ಎನ್ನುತ್ತಿದ್ದ ಕಣ್ಣು ಇದು. ಮತ್ತೆ ಅದೇ ಎಡಗಡೆಯಿಂದ ಬೆರಳು. ಮತ್ತೆ ಮೂಗಿನ ನೇರದಲ್ಲೇ, "ಈಗ."

ಎರಡು ಕಣ್ಣಿಗೂ ಒಂದೇ ಕಡೆಯ ಅರ್ಧ ಇಲ್ಲ. ಹಾಗಾದರೆ ತೊಂದರೆ ಕಣ್ಣಲ್ಲಿಲ್ಲ, ಹಿಂದೆ ಮಿದುಳಿನಲ್ಲಿದೆ. ಟಾರ್ಚ್ ಬಿಟ್ಟೆ, ಎರಡೂ ಪಾಪೆ ಚುರುಕಾಗಿ ಕುಗ್ಗಿದವು. ಪಾಪೆ ಕುಗ್ಗಿಸುವ ದಾರಿ ಬೇರೆ, ಅದು ತಲೆಯ ಹಿಂಭಾಗದವರೆಗೆ ಹೋಗುವುದೇ ಇಲ್ಲ. ಅಲ್ಲಿ ನನಗೆ ಬೆವರಿತು.

"ಯಾವಾಗಿಂದ?"

"ಹತ್ತು ದಿನ ಆಯ್ತೇನೋ. ಹಿಂದಲೆ ಸಿಡೀತಿತ್ತು, ಮಲಗೆದ್ದೆ."

ಬಿಪಿ ನೋಡಿದರೆ 190/110. ಇಡೀ ದಿನ ಬಿಪಿ ಮೆಷಿನ್ ನನ್ನಿಂದ ಆರಡಿ ದೂರದಲ್ಲಿತ್ತು. ಆದರೆ ಪೊರೆ ಆಪರೇಷನ್‌ಗೆ ಆಯ್ಕೆಯಾದವರಿಗೆ ಮಾತ್ರ ಬಿಪಿ, ಶುಗರ್ ಅಂತ ನಮ್ಮ ಪದ್ಧತಿ. ಪೊರೆ ಇಲ್ಲದವರು ಟಾರ್ಗೆಟ್ಟಿಗೆ ಲೆಕ್ಕವಿಲ್ಲ.

ವ್ಯಾನಿನಲ್ಲೇ ಶಿವಮೊಗ್ಗಕ್ಕೆ ಕರೆತಂದೆವು. ಡೀಸೆಲ್ ಯಾವ ಖಾತೆಗೆ ಎಂದು ಕೋಆರ್ಡಿನೇಟರ್ ಎರಡು ಸಲ ಫೋನ್ ಮಾಡಿದರು. ದಾರಿಯಲ್ಲಿ ಆ ತಾಯಿ ಕೇಳಿದರು, "ಕಣ್ಣು ಸರಿ ಇದ್ರೆ ಕಾಣಲ್ಲ ಯಾಕೆ?" ನಮ್ಮ ಪೋಸ್ಟರಿನಲ್ಲಿ 'ಕಣ್ಣು ಕ್ಯಾಮೆರಾ ಇದ್ದ ಹಾಗೆ' ಎಂದು ಬರೆದುಕೊಂಡು ಊರೂರು ತಿರುಗುವವರು ನಾವು. ಕ್ಯಾಮೆರಾದ ಉತ್ತರ ಅವರಿಗೆ ಏನೂ ಸಹಾಯ ಮಾಡುತ್ತಿರಲಿಲ್ಲ. ಹೀಗೆ ಹೇಳಿದೆ: ಎಡಗಡೆ ಇರುವುದನ್ನು ಎರಡೂ ಕಣ್ಣು ನೋಡುತ್ತವೆ. ಎರಡೂ ಕಣ್ಣಿನ ನರ ಮೂಗಿನ ಬುಡದ ಹಿಂದೆ, ಮಿದುಳಿನ ತಳದಲ್ಲಿ ಒಂದೆಡೆ ಸೇರುತ್ತವೆ. ಅಲ್ಲಿ ಅರ್ಧರ್ಧ ಎಳೆಗಳು ಅತ್ತಿತ್ತ ದಾಟುತ್ತವೆ. ಒಂದೊಂದು ನರದಲ್ಲಿ 10 ಲಕ್ಷದಷ್ಟು ಎಳೆ. ಎಡಗಡೆಯ ನೋಟವೆಲ್ಲ ಬಲ ಮಿದುಳಿಗೆ, ಬಲಗಡೆಯದೆಲ್ಲ ಎಡ ಮಿದುಳಿಗೆ. ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರಿದ ಹಾಗೆ ಎನ್ನಲು ಹೋಗಿ ನಿಲ್ಲಿಸಿದೆ. ಅಲ್ಲಿ ಸೇರಿದ ನೀರು ಮತ್ತೆ ಬೇರೆಯಾಗುವುದಿಲ್ಲ, ಇಲ್ಲಿ ಪಾಲಾಗಿ ಹೋಗುತ್ತದೆ. ಕೊನೆಗೆ ಆ ನೋಟ ತಲುಪುವುದು ತಲೆಯ ಹಿಂಬದಿಗೆ, ಕಣ್ಣಿನಿಂದ ಅತಿ ದೂರದ ಜಾಗಕ್ಕೆ.

"ಅರ್ಧ ಕಪ್ಪಾಗಿ ಕಾಣ್ಬೇಕಿತ್ತಲ್ವಾ?" ಎಂದರು ಗೌಡರು. ಒಳ್ಳೆಯ ಪ್ರಶ್ನೆ. ನಿಮ್ಮ ಬೆನ್ನ ಹಿಂದೆ ಕಪ್ಪು ಕಾಣುತ್ತದಾ? ಕಾಣುವುದಿಲ್ಲ, ಅಲ್ಲಿ ನೋಟವೇ ಇಲ್ಲ. ಇದೂ ಹಾಗೆ. ನರ ಹೊರಡುವ ಜಾಗದಲ್ಲಿ ನಮ್ಮೆಲ್ಲರ ಕಣ್ಣಲ್ಲೂ ಒಂದು ಕುರುಡು ಚುಕ್ಕೆ ಇದೆ. ನೇರ ನೋಟದಿಂದ ಸುಮಾರು 15 ಡಿಗ್ರಿ ಹೊರಗೆ. 1660ರ ದಶಕದಲ್ಲಿ ಫ್ರಾನ್ಸಿನ ಮಾರಿಯೊಟ್ ತೋರಿಸುವವರೆಗೆ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಸುತ್ತ ಇರುವುದನ್ನೇ ಎಳೆದು ಮಿದುಳು ತೇಪೆ ಹಾಕಿಬಿಡುತ್ತದೆ. ಗೌಡರಿಗೆ ಎಡಗಡೆ ಏನೋ ಕಮ್ಮಿ ಎಂದಷ್ಟೇ ಗೊತ್ತಾಗುತ್ತಿತ್ತು. ಎಡಗಡೆ ಇರುವುದು ಎಡಗಣ್ಣು ತಾನೇ, ಹಾಗಾಗಿ ಅದರ ಮೇಲೆ ದೂರು. ದೂರನ್ನು ನಾನೂ ಹಾಗೇ ಬರೆದುಕೊಂಡೆ.

ಎಂಆರ್‌ಐನಲ್ಲಿ ಬಲ ಹಿಂಭಾಗದಲ್ಲಿ ಸ್ಟ್ರೋಕ್. ಹತ್ತು ದಿನ ಹಳೆಯದು. ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು, ಅದು ಯಾವತ್ತೋ ಮುಗಿದಿತ್ತು. ಬಿಪಿ ಮಾತ್ರೆ, ಮತ್ತೊಂದು ಸ್ಟ್ರೋಕ್ ಬಾರದಂತೆ ಮಾತ್ರೆ. ಮರ ಹತ್ತುವುದು ಬಂದ್.

ನಮ್ಮ ಓಪಿ ಶೀಟಿನಲ್ಲಿ ಫೀಲ್ಡ್‌ಗೆ, ಅಂದರೆ ಅಕ್ಕಪಕ್ಕ ಎಷ್ಟು ಕಾಣುತ್ತದೆ ಎನ್ನುವುದಕ್ಕೆ, ಇವತ್ತಿಗೂ ಕಾಲಂ ಇಲ್ಲ. ಸಾಫ್ಟ್‌ವೇರಿನಲ್ಲಿ ಹತ್ತಿರದ ನೋಟ ತುಂಬದಿದ್ದರೆ ಮುಂದಕ್ಕೆ ಹೋಗಲು ಬಿಡುವುದಿಲ್ಲ, ಫೀಲ್ಡ್ ಕೇಳುವುದೇ ಇಲ್ಲ. ಮೇಲ್ ಹಾಕಿದೆ, "ನೋಟೆಡ್" ಅಂತ ಬಂತು. ನಾನು ಅಂಚಿನಲ್ಲಿ ಪೆನ್ನಿನಲ್ಲಿ ಬರೆಯುತ್ತೇನೆ. ಚಾರ್ಟಿನ ಒಂದೇ ಕಡೆಯ ಅಕ್ಷರ ಬಿಟ್ಟವರಿಗೆ, 'ಒಂದು ಕಣ್ಣು ಕಾಣಲ್ಲ' ಎಂದು ಹೇಳಿಯೂ ಎರಡರಲ್ಲೂ ಚೆನ್ನಾಗಿ ಓದಿದವರಿಗೆ ಬೆರಳು ತೋರಿಸದೆ ಬಿಡುವುದಿಲ್ಲ. ಒಂದು ನಿಮಿಷದ ಕೆಲಸ. ನನ್ನ ಕ್ಯೂ ನಿಧಾನ ಎಂಬ ದೂರು ಕ್ಯಾಂಪ್ ರಿಪೋರ್ಟಿನಲ್ಲಿ ಮೂರು ಸಲ ಬಂದಿದೆ.

ಮೂರು ತಿಂಗಳಿಗೆ ಗೌಡರು ರಿವ್ಯೂಗೆ ಬಂದರು. ಅರ್ಧ ನೋಟ ಹಿಂದೆ ಬಂದಿರಲಿಲ್ಲ. ಈಗ ಅಡಿಕೆ ಸುಲಿಯುವ ಕಡೆ ಕೂರುತ್ತಾರಂತೆ. ಚಾರ್ಟ್ ಹಾಕಿದೆ. ಕತ್ತನ್ನು ಎಡಕ್ಕೆ ತಿರುಗಿಸಿ, ಸಾಲಿನ ತುದಿ ಹುಡುಕಿ, ಮೊದಲ ಅಕ್ಷರದಿಂದ ಒಂದೊಂದೇ ಜೋರಾಗಿ ಓದಿದರು. ಆಮೇಲೆ ನನ್ನ ಕಡೆ ನೋಡಿ, "ಕನ್ನಡ ಬರ್ತದೆ ಅಂತ ಬರ್ಕೊಳ್ಳಿ ಮಾರಾಯ್ರೇ" ಎಂದರು.