ಕಾರ್ಖಾನೆ ಎಂದು ಟೈಪ್ ಮಾಡಿ ನೋಡಿದೆ

ಅಪ್ಪನಿಗೆ ಈಗ 79. ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯೊಂದರಲ್ಲಿ 30 ವರ್ಷ ದುಡಿದವರು. ನಿವೃತ್ತಿಯಾದ ಮೇಲೆ ತಮ್ಮನ ಹಳೇ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತರು. ಕಾರ್ಖಾನೆಯ ದಿನಗಳ ಬಗ್ಗೆ 34 ಪುಟ ಬರೆದಿಟ್ಟರು. ಅದು 2007ರ ಮಾತು.

ಕಳೆದ ವರ್ಷ ನಾನು ಟ್ಯಾಬ್ ಕೊಂಡಾಗ ಮೊದಲು ಆ ಫೈಲನ್ನೇ ತೆರೆದು ಅವರ ಕೈಗೆ ಕೊಟ್ಟೆ. ಪರದೆ ತುಂಬ ಇಂಗ್ಲಿಷ್ ಅಕ್ಷರ. ಒಂದರ ತಲೆ ಮೇಲೆ ಗೆರೆ, ಇನ್ನೊಂದರ ತಲೆ ಮೇಲೆ ಚುಕ್ಕೆ. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಎನ್ನ ಅಕ್ಷರ ಓಡೆ ಪೋಂಡು ಮಗಾ?" ಎಂದು ಕೇಳಿದರು. ನನ್ನ ಅಕ್ಷರ ಎಲ್ಲಿಗೆ ಹೋಯಿತು ಅಂತ.

ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಅಕ್ಷರ ಎಲ್ಲಿಗೂ ಹೋಗಿರಲಿಲ್ಲ. ಆ ಕಾಲದ ಕನ್ನಡ ಫಾಂಟುಗಳಲ್ಲಿ ಕಂಪ್ಯೂಟರಿನ ಒಳಗೆ ಕೂತಿರುತ್ತಿದ್ದುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ರೂಪ ಹೊದಿಸಿರುತ್ತಿದ್ದರು, ಅಷ್ಟೆ. ಆ ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಯೂನಿಕೋಡ್ ಎಂಬ ಈಗಿನ ಸಂಕೇತ ಪದ್ಧತಿಯಲ್ಲಿ ಹಾಗಲ್ಲ. ಅಲ್ಲಿ 'ಕ'ಗೆ ಅದರದ್ದೇ ಒಂದು ಸಂಖ್ಯೆ ಇದೆ, ಯಾವ ಯಂತ್ರಕ್ಕೆ ಹೋದರೂ ಅದು 'ಕ'ವೇ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲೂ ಈಗ ಯೂನಿಕೋಡ್‌ನಲ್ಲಿ ಟೈಪ್ ಮಾಡಬಹುದು. ಹಳೆಯದನ್ನು ಯೂನಿಕೋಡ್‌ಗೆ ತಿರುಗಿಸುವ ಕನ್ವರ್ಟರುಗಳೂ ಸಿಗುತ್ತವೆ.

ತಿರುಗಿಸಿದೆ. ಮುಕ್ಕಾಲು ಪಾಲು ಚೆನ್ನಾಗಿ ಬಂತು. ಆದರೆ ಪ್ರತಿ ಪುಟದಲ್ಲೂ ಹತ್ತಾರು ಸಲ ಬರುವ ಒಂದು ಪದ ಕೆಲವು ಕಡೆ ಕೆಟ್ಟಿತ್ತು. 'ಕಾರ್ಖಾನೆ'. ಯಾಕೆಂದು ಕೂತು ನೋಡಿದಾಗ ಗೊತ್ತಾಯಿತು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ ಇರುತ್ತದೆ, ಅಂದರೆ 'ಖಾ' ಆದ ಮೇಲೆ. ಯೂನಿಕೋಡ್‌ನಲ್ಲಿ ನಾವು ಬಾಯಲ್ಲಿ ಹೇಳುವ ಹಾಗೆ 'ರ್' ಮೊದಲು, 'ಖಾ' ಆಮೇಲೆ. ಕನ್ವರ್ಟರ್ ಅದನ್ನು ಹಿಂದಕ್ಕೆ ಎಳೆದು ತರಬೇಕು. ಕೆಲವೊಮ್ಮೆ ಎಳೆಯುವುದಿಲ್ಲ.

ಅಂದಿನಿಂದ ನನಗೆ ಒಂದು ಅಭ್ಯಾಸ ಬಂದಿದೆ. ಯಾವ ಬರವಣಿಗೆಯ ಆಪ್ ಸಿಕ್ಕಿದರೂ ಮೊದಲು ಮೂರು ಪದ ಟೈಪ್ ಮಾಡುತ್ತೇನೆ. ಕಾರ್ಖಾನೆ, ರ‍್ಯಾಕ್, ಮೋರ್ಗನ್ಸ್‌ಗೇಟ್. ಮೂರೂ ಅಪ್ಪನ ಬರಹದವೇ. ಕೊನೆಯದು ಜೆಪ್ಪು ಕಡೆಯ ಒಂದು ಜಾಗದ ಹೆಸರು. ಹಸಿ ಹಂಚನ್ನು ಒಣಗಲು ಇಡುತ್ತಿದ್ದುದು ರ‍್ಯಾಕಿನಲ್ಲಿ. 'ರ' ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಿದರೆ ಮಾತ್ರ ಅದು ಹೀಗೆ ಮೂಡುತ್ತದೆ, ಇಲ್ಲದಿದ್ದರೆ 'ಯಾ' ಮೇಲೆ ಅರ್ಕಾವತ್ತು ಕೂರುತ್ತದೆ. ಮೋರ್ಗನ್ಸ್‌ಗೇಟ್‌ನಲ್ಲಿ ಅದಕ್ಕೆ ಉಲ್ಟಾ. ಅಲ್ಲಿ 'ಸ್' ಮತ್ತು 'ಗೇ' ಅಂಟಿಕೊಳ್ಳದ ಹಾಗೆ ತಡೆಯುವ ಇನ್ನೊಂದು ಕಾಣದ ಚಿಹ್ನೆ ಬೇಕು. ಈ ಎರಡು ಚಿಹ್ನೆಗಳನ್ನು ಫೈಲು ಉಳಿಸಿಕೊಳ್ಳುತ್ತದೆಯೇ ಅಂತ ನೋಡುವುದು ನನ್ನ ಮಟ್ಟಿಗೆ ಮೊದಲ ಪರೀಕ್ಷೆ. ಕಂಪ್ಯೂಟರಿನಲ್ಲಿ ಬರೆದು ಟ್ಯಾಬ್‌ನಲ್ಲಿ ತೆರೆದು, ಒಂದು ಸಾಲು ಸೇರಿಸಿ, ಮತ್ತೆ ಕಂಪ್ಯೂಟರಿನಲ್ಲಿ ನೋಡಬೇಕು. ಆಪ್‌ನ ಬಣ್ಣ, ಬಟನ್ನು ಎಲ್ಲ ಆಮೇಲೆ.

ನನ್ನ ಬರವಣಿಗೆ ನಡೆಯುವುದು ಮೂರು ಕಡೆ. ಕೆಲಸ ಉಡುಪಿಯಲ್ಲಿ, ಮನೆ ಮಂಗಳೂರಿನಲ್ಲಿ. ಬೆಳಿಗ್ಗೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತಿ ಕಿಟಕಿ ಸೀಟು ಸಿಕ್ಕಿದರೆ ಸುರತ್ಕಲ್ ದಾಟಿದ ಮೇಲೆ ಟ್ಯಾಬ್ ತೆರೆಯುತ್ತೇನೆ. ಕಾಪು ಬರುವಷ್ಟರಲ್ಲಿ ಒಂದು ಪುಟ ತಿದ್ದಿ ಆಗಿರುತ್ತದೆ. ಸಂಜೆ ಅಪ್ಪನ ಮಂಚದ ಪಕ್ಕ ಕೂತು ಅವರು ಹೇಳಿದ್ದನ್ನು ಟ್ಯಾಬ್‌ನಲ್ಲೇ ಬರೆದುಕೊಳ್ಳುತ್ತೇನೆ. ಭಾನುವಾರ ಕಂಪ್ಯೂಟರಿನ ಮುಂದೆ. ಹೀಗೆ ಎಲ್ಲ ಕಡೆ ಒಂದೇ ಬರಹ ಸಿಗಬೇಕು ಅನ್ನುವುದು ನನ್ನ ಬೇಡಿಕೆ.

ವರ್ಡ್‌ನಿಂದ ಶುರು ಮಾಡಿದೆ. ಕಂಪ್ಯೂಟರಿನಲ್ಲಿ ಅದರ ಬಗ್ಗೆ ದೂರಿಲ್ಲ. ಡಾಕ್‌ಎಕ್ಸ್ ಫೈಲನ್ನು ಯಾರಿಗೆ ಕಳಿಸಿದರೂ ತೆರೆಯುತ್ತಾರೆ. ಆದರೆ ಟ್ಯಾಬ್‌ನಲ್ಲಿ ಒಂದು ಲೆಕ್ಕ ಇದೆ. ಪರದೆ 10.1 ಇಂಚು ಅಥವಾ ಅದಕ್ಕಿಂತ ಚಿಕ್ಕದಾದರೆ ಪುಕ್ಕಟೆ ತಿದ್ದಬಹುದು, ದೊಡ್ಡದಾದರೆ ಚಂದಾ ಕಟ್ಟಬೇಕು. ನನ್ನದು 11 ಇಂಚು. ಟ್ಯಾಬ್ ಕೊಳ್ಳುವ ಮೊದಲು ಇದನ್ನು ತಿಳಿದುಕೊಂಡರೆ ಒಳ್ಳೆಯದು, ಅಲ್ವಾ?

ವರ್ಡ್‌ನಂಥದ್ದೇ ಇನ್ನೊಂದು ತಂತ್ರಾಂಶ ಲಿಬ್ರೆಆಫೀಸ್ ನನಗೆ ತುಂಬ ಹಿಡಿಸಿತು. ದುಡ್ಡು ಕೇಳುವುದಿಲ್ಲ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಒಂದೇ ಥರ ಇರುತ್ತದೆ. ಕನ್ನಡದಲ್ಲಿ ಬರೆಯುವವರು ಒಂದು ವಿಷಯ ಗಮನಿಸಬೇಕು. ಅದು ಇಂಗ್ಲಿಷ್‌ಗೆ ಒಂದು ಫಾಂಟ್, ಕನ್ನಡದಂಥ ಲಿಪಿಗಳಿಗೆ ಬೇರೆಯೇ ಒಂದು ಫಾಂಟ್ ಇಟ್ಟುಕೊಳ್ಳುತ್ತದೆ. ಸ್ಟೈಲ್‌ನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿದರೂ ಕನ್ನಡ ಹಾಗೇ ಸಣ್ಣಗೆ ಉಳಿದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಭಾಷೆಯ ಸೆಟ್ಟಿಂಗ್ಸ್‌ಗೆ ಹೋಗಿ ಸಂಕೀರ್ಣ ಲಿಪಿಯ ಆಯ್ಕೆ ಆನ್ ಮಾಡಿ, ಅಲ್ಲಿ ಕನ್ನಡ ಆರಿಸಿ. ಆಮೇಲೆ ಸ್ಟೈಲ್‌ನಲ್ಲಿ ಆ ಲಿಪಿಯ ಗಾತ್ರವನ್ನು ಬೇರೆಯಾಗಿ ಕೊಡಿ. ನಾನು ನೋಟೋ ಸೆರಿಫ್ ಕನ್ನಡ ಎಂಬ ಫಾಂಟ್ ಇಟ್ಟುಕೊಂಡಿದ್ದೇನೆ. ಟ್ಯಾಬ್‌ಗೆ ಲಿಬ್ರೆಆಫೀಸ್ ಆಧಾರದ ಮೇಲೇ ಮಾಡಿದ ಕೊಲಾಬೊರಾ ಆಫೀಸ್ ಇದೆ, ಅದೂ ಪುಕ್ಕಟೆ. ಓದಲು, ಸಣ್ಣಪುಟ್ಟ ತಿದ್ದಲು ಸಾಕು.

ಪುಸ್ತಕ ಬರೆಯುವವರು ಬಳಸುವ ಸ್ಕ್ರಿವ್ನರ್ ತಂತ್ರಾಂಶದ ಬಗ್ಗೆ ಗೆಳತಿಯೊಬ್ಬಳು ಹೇಳಿದಳು. ಅದು ಐಪ್ಯಾಡ್‌ಗೆ ಇದೆ, ಆಂಡ್ರಾಯ್ಡ್‌ಗೆ ಇಲ್ಲ. ನನ್ನದು ಆಂಡ್ರಾಯ್ಡ್. ಅಲ್ಲಿಗೆ ಮುಗಿಯಿತು.

ಈಗ ದಿನನಿತ್ಯ ಬರೆಯುವುದು ಗೂಗಲ್ ಡಾಕ್ಸ್‌ನಲ್ಲಿ. ಟ್ಯಾಬ್‌ನಲ್ಲಿ ಬಿಟ್ಟ ಜಾಗದಿಂದಲೇ ಕಂಪ್ಯೂಟರಿನಲ್ಲಿ ಮುಂದುವರಿಸಬಹುದು. ಹಿಂದಿನ ಆವೃತ್ತಿಗಳು ಉಳಿದಿರುತ್ತವೆ. ಅಪ್ಪ ಹೇಳಿದ್ದನ್ನು ಒಮ್ಮೆ ತಪ್ಪಾಗಿ ಅಳಿಸಿದ್ದೆ, ಮೂರು ದಿನ ಆದ ಮೇಲೆ ಹಿಂದಕ್ಕೆ ಹೋಗಿ ತಂದುಕೊಂಡೆ. ಅಷ್ಟಕ್ಕೇ ನಾನು ಅದಕ್ಕೆ ಋಣಿ.

ಆದರೆ ಮಳೆಗಾಲದ ವಿಷಯ ಹೇಳಲೇಬೇಕು. ನಮ್ಮಲ್ಲಿ ಜೂನ್ ಬಂತೆಂದರೆ ಗಾಳಿಮಳೆಗೆ ಕರೆಂಟು ಹೋಗುತ್ತದೆ, ವೈಫೈ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಮೊಬೈಲ್ ನೆಟ್‌ವರ್ಕೂ ಹೋಗುತ್ತದೆ. ಅಂಥ ಹೊತ್ತಿನಲ್ಲೇ ಅಪ್ಪನಿಗೆ ಮಾತು ಬರುವುದು. ಮೇಣದಬತ್ತಿ ಹಚ್ಚಿಟ್ಟರೆ ಸಾಕು, ಗುರುಪುರ ಹೊಳೆಯಿಂದ ಮಣ್ಣು ತುಂಬಿಕೊಂಡು ಬರುತ್ತಿದ್ದ ದೋಣಿಗಳ ಕಥೆ ಶುರುವಾಗುತ್ತದೆ. ಕಳೆದ ಜೂನ್‌ನಲ್ಲಿ ಅಂಥ ಒಂದು ರಾತ್ರಿ ಟ್ಯಾಬ್ ತೆರೆದರೆ ನನ್ನ ಬರಹವೇ ತೆರೆಯಲಿಲ್ಲ. ಇಂಟರ್ನೆಟ್ ಇಲ್ಲದಾಗಲೂ ಸಿಗಬೇಕೆಂದು ಮೊದಲೇ ಗುರುತು ಹಾಕಿರಲಿಲ್ಲ. ವಿದ್ಯುತ್ ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಬರೆದುಕೊಂಡೆ. ಭಟ್ಟಿಗೆ ಬೆಂಕಿ ಕೊಟ್ಟ ರಾತ್ರಿ ಯಾರು ಯಾರು ಕಾವಲು ಕೂತಿದ್ದರು ಎಂದು ಅವರು ಹೇಳಿದ ಏಳು ಹೆಸರಲ್ಲಿ ನಾಲ್ಕು ಮಾತ್ರ ನನ್ನ ಕೈಗೆ ಸಿಕ್ಕವು. ಬೆಳಿಗ್ಗೆ ಕೇಳಿದರೆ ಉಳಿದವು ಅವರಿಗೂ ನೆನಪಿಗೆ ಬರಲಿಲ್ಲ.

ಆದ್ದರಿಂದ ನೀವು ಯಾವುದನ್ನೇ ಆರಿಸಿ, ಟ್ಯಾಬ್‌ನಲ್ಲಿ ಏರೋಪ್ಲೇನ್ ಮೋಡ್ ಹಾಕಿ ಒಂದು ಸಂಜೆ ಬರೆದು ನೋಡಿ. ಗೂಗಲ್ ಡಾಕ್ಸ್‌ನಲ್ಲಾದರೆ ಫೈಲಿನ ಪಕ್ಕದ ಮೂರು ಚುಕ್ಕೆ ಒತ್ತಿ ಆಫ್‌ಲೈನ್ ಆಯ್ಕೆ ಆನ್ ಮಾಡಿ. ಈ ಕೆಲಸ ಮೇ ತಿಂಗಳಲ್ಲೇ ಆಗಲಿ.

ಕೀಬೋರ್ಡಿನ ಮಾತೂ ಇದೆ. ಅಪ್ಪ ನನಗೆ ಕಲಿಸಿದ್ದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಅವರು ನಮ್ಮ ಪಕ್ಕದ ಕಿನ್ನಿಕಂಬಳದವರು ಅನ್ನುವುದು ಅಪ್ಪನಿಗೆ ದೊಡ್ಡ ಹೆಮ್ಮೆ. 'ಎಫ್' ಕೀ ಒತ್ತಿದರೆ ಒತ್ತಕ್ಷರ ಮೂಡುವ ಆ ಕ್ರಮ ನನ್ನ ಬೆರಳಿಗೆ ಹತ್ತಿಬಿಟ್ಟಿದೆ. ಟ್ಯಾಬ್‌ಗೆ ಬ್ಲೂಟೂತ್ ಕೀಬೋರ್ಡ್ ಜೋಡಿಸಿದಾಗ ಇಂಗ್ಲಿಷ್ ಮಾತ್ರ ಬಂತು. ಪರದೆಯ ಮೇಲಿನ ಕನ್ನಡ ಕೀಲಿಮಣೆ ಬೇರೆ, ಹೊರಗಿನ ಕೀಬೋರ್ಡಿನದ್ದು ಬೇರೆ ಲೋಕ. ಕೊಳ್ಳುವ ಮೊದಲು ಯಾರದ್ದಾದರೂ ತಂದು ಜೋಡಿಸಿ ನೋಡಬೇಕಿತ್ತು. ಈಗ ಬಸ್ಸಿನಲ್ಲಿ ಪರದೆಯ ಮೇಲೇ ಒತ್ತುತ್ತೇನೆ. ಜಾಸ್ತಿ ಬರೆಯುವುದಿದ್ದರೆ ಭಾನುವಾರಕ್ಕೆ ಇಡುತ್ತೇನೆ.

ತಿಂಗಳ ಕೊನೆಗೆ ಡಾಕ್ಸ್‌ನಿಂದ ಇಡೀ ಬರಹವನ್ನು ಡಾಕ್‌ಎಕ್ಸ್ ಮತ್ತು ಓಡಿಟಿ (ಲಿಬ್ರೆಆಫೀಸ್‌ನ ಫೈಲು) ಎರಡೂ ರೂಪದಲ್ಲಿ ಇಳಿಸಿ ಪೆನ್‌ಡ್ರೈವ್‌ಗೆ ಹಾಕುತ್ತೇನೆ. ಜೊತೆಗೆ ಬರೀ ಅಕ್ಷರಗಳಿರುವ ಒಂದು ಟೆಕ್ಸ್ಟ್ ಫೈಲು. ಅದರಲ್ಲಿ ದಪ್ಪ ಅಕ್ಷರ, ಚಿತ್ರ ಯಾವುದೂ ಉಳಿಯುವುದಿಲ್ಲ. ಆದರೆ ಅದನ್ನು ತೆರೆಯಲು ಯಾವ ವಿಶೇಷ ತಂತ್ರಾಂಶವೂ ಬೇಡ. 34 ಪುಟ ಕಳೆದುಹೋಯಿತೆಂದು ಅಪ್ಪ ಕನ್ನಡಕ ಒರೆಸಿದ್ದನ್ನು ನೋಡಿದವಳು ನಾನು. ಇನ್ನೊಮ್ಮೆ ಅದನ್ನು ನೋಡಲಾರೆ.

ಪ್ರಿಂಟಿಗೆ ಮಾತ್ರ ಪಿಡಿಎಫ್. ಅದರೊಳಗೆ ಫಾಂಟ್ ಕೂಡ ಸೇರಿರುವುದರಿಂದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇದೆಯೋ ಇಲ್ಲವೋ ಎಂಬ ಚಿಂತೆ ಇಲ್ಲ. ಮುಂದೆ ಪುಸ್ತಕ ಮಾಡುವುದಾದರೆ ಇನ್ನೊಂದು ಸುತ್ತು ಕಾದಿದೆ. ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವವರು ಇನ್ನೂ ಹಳೇ ಫಾಂಟಿನಲ್ಲೇ ಕೊಡಿ ಅನ್ನುತ್ತಾರೆ, ಆ ತಂತ್ರಾಂಶಕ್ಕೆ ಕನ್ನಡದ ಯೂನಿಕೋಡ್ ತಿಳಿಯದು. ಯೂನಿಕೋಡ್ ತಿಳಿಯುವ ಇನ್‌ಡಿಸೈನ್ ಬಳಸುವವರನ್ನು ಹುಡುಕುತ್ತಿದ್ದೇನೆ. 'ಕಾರ್ಖಾನೆ'ಯನ್ನು ಮತ್ತೆ ಹಿಂದಕ್ಕೆ ತಿರುಗಿಸುವ ಧೈರ್ಯ ನನಗಿಲ್ಲ.

ಮೊನ್ನೆ ಭಾನುವಾರ ಮೊದಲ ಅಧ್ಯಾಯವನ್ನು 20 ಪಾಯಿಂಟ್ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅಪ್ಪನಿಗೆ ಕೊಟ್ಟೆ. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದಲ್ಲಿಂದ ಅದು ಶುರುವಾಗುತ್ತದೆ. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಮೂರನೇ ಪುಟದಲ್ಲಿ ನಿಂತು ಪೆನ್ಸಿಲ್ ಕೇಳಿದರು. ಕಾವಲು ಕೂತವರ ಸಾಲಿನ ಪಕ್ಕ, ಅಂಚಿನಲ್ಲಿ, ನಡುಗುವ ಕೈಯಲ್ಲಿ ಐದನೆಯ ಹೆಸರು ಬರೆದರು.